ಪ್ರಶ್ನೆಗಳಿಲ್ಲದ ಪುಸ್ತಕಗಳು

ಕೊರಿಯಾದಿಂದ ವಾಪಸು ಬರುವಾಗ ಎಲ್ಲರೂ ಟಿ.ವಿ. ತರುತ್ತಾರೆ, ದಪ್ಪ ಕಂಬಳಿ ತರುತ್ತಾರೆ, ಹೆಂಡತಿಯ ಮುಖಕ್ಕೆ ಹಚ್ಚುವ ಕ್ರೀಮು ತರುತ್ತಾರೆ. ನಾನು ಎರಡು ಪೆಟ್ಟಿಗೆ ತುಂಬ ಮಕ್ಕಳ ಪುಸ್ತಕ ತಂದೆ. ನೇಪಾಳದ ಧರಾನಿನ ನಮ್ಮ ಓಣಿಯಲ್ಲಿ ಇವತ್ತಿಗೂ ಆ ವಿಷಯ ತೆಗೆದು ನಗುವವರಿದ್ದಾರೆ. ನನ್ನ ಹೆಂಡತಿಯೇ ಅವರ ಮುಂದಾಳು.

ನಗಲಿ. ನನಗೆ ಆ ಭಾಷೆ ಕಲಿಸಿದ್ದು ಆ ಪುಸ್ತಕಗಳೇ. ಇಲ್ಲಿಂದ ಹೊರಡುವಾಗ ನನಗೆ, ಅಲ್ಲಿ ಕೆಲಸಕ್ಕೆ ಹೋಗುವವರು ಬರೆಯಬೇಕಾದ ಪರೀಕ್ಷೆ ಪಾಸು ಮಾಡುವಷ್ಟು ಕೊರಿಯನ್ ಬರುತ್ತಿತ್ತು, ಅಂದರೆ ಏನೂ ಬರುತ್ತಿರಲಿಲ್ಲ. ಬಣ್ಣದ ಕಾರ್ಖಾನೆಯಲ್ಲಿ ಕೆಲಸ. ಭಾನುವಾರ ಚಳಿಗೆ ಹೋಗಲು ಬೇರೆ ಜಾಗವಿಲ್ಲದೆ ಊರಿನ ವಾಚನಾಲಯಕ್ಕೆ ಹೋಗಿ ಕೂರುತ್ತಿದ್ದೆ. ಅಲ್ಲಿ ಬೆಚ್ಚಗಿತ್ತು, ಯಾರೂ ಎಬ್ಬಿಸುತ್ತಿರಲಿಲ್ಲ. ಮಕ್ಕಳ ಮೂಲೆಯಲ್ಲಿ, ಮೊಣಕಾಲೆತ್ತರದ ಹುಡುಗರ ನಡುವೆ ನೆಲದ ಮೇಲೆ ಕೂತು ಒಂದಾದ ಮೇಲೊಂದು ಓದಿದೆ. ಒಂದು ದಿನ ಮೇಸ್ತ್ರಿ ನನ್ನನ್ನು ಬೈದದ್ದು ಪೂರ್ತಿ ಅರ್ಥವಾಯಿತು. ಅವತ್ತಿನ ಸಂತೋಷ ಯಾರಿಗೆ ಹೇಳಲಿ.

ಈಗ ನಾನು ಇಲ್ಲಿ ಒಂದು ಮೊಮೊ ಅಂಗಡಿಯ ಮೇಲಿನ ಮಹಡಿಯಲ್ಲಿ ಕೊರಿಯನ್ ಕಲಿಸುತ್ತೇನೆ. ನನ್ನ ಹೆಸರು ಹರ್ಕಮಾನ್ ರಾಈ. ಎಲ್ಲರೂ ಹರ್ಕ ಸರ್ ಎನ್ನುತ್ತಾರೆ. ಸಿಟ್ಟಿನ ಸರ್ ಎಂದೂ ಅನ್ನುತ್ತಾರೆ, ನನಗೆ ಕೇಳಿಸದ ಹಾಗೆ. ನಮ್ಮ ಹುಡುಗರಿಗೆ ಬೇಕಾಗಿರುವುದು ಕೊರಿಯನ್ ಅಲ್ಲ, ಕೊರಿಯಾ. ಅದಕ್ಕೆ ಪರೀಕ್ಷೆ ಪಾಸಾದರೆ ಸಾಕು, ಪರೀಕ್ಷೆಗೆ ಪ್ರಶ್ನೆಕೋಶ ಬಾಯಿಪಾಠ ಮಾಡಿದರೆ ಸಾಕು. ಪ್ರಶ್ನೆಯ ಮೊದಲ ಪದ ಕಂಡರೆ ಸಾಕು, ಉತ್ತರದ ಮೇಲೆ ಬೆರಳು ಹೋಗುತ್ತದೆ. ಮಧ್ಯದಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ.

ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದಿದ್ದವನು ಖಗೇಂದ್ರ ಬಸ್ನೇತ್. ಹಿಂದಿನ ವರ್ಷ ಸ್ವಲ್ಪದರಲ್ಲಿ ಫೇಲಾಗಿದ್ದ, ಈ ಸಲ ಬಿಡುವುದಿಲ್ಲ ಎಂದು ಹಟ ತೊಟ್ಟಿದ್ದ. ಅವನ ಅಪ್ಪ ಪದಂಬಹಾದುರ್ ಕೊರಿಯಾದ ಒಂದು ಹಳ್ಳಿಯಲ್ಲಿ ಸ್ಟ್ರಾಬೆರಿ ತೋಟದ ಕೆಲಸಕ್ಕಿದ್ದರು. ಹೋಗಿ ಎಂಟು ವರ್ಷವಾಗಿತ್ತು, ನಡುವೆ ಒಮ್ಮೆ ಬಂದಿದ್ದರು. ಒಂದು ದಿನ ನಾನು ಖಗೇಂದ್ರನ ಕೈಗೆ ಕರಡಿಯ ಚಿತ್ರವಿದ್ದ ಪುಸ್ತಕವೊಂದನ್ನು ಕೊಟ್ಟೆ. ಅವನು ನೇರ ಕೊನೆಯ ಪುಟ ತಿರುಗಿಸಿದ.

"ಸರ್, ಪ್ರಶ್ನೆ ಎಲ್ಲಿ?"

"ಪ್ರಶ್ನೆ ಇಲ್ಲ ಕಣೋ. ಕಥೆ ಅದು."

"ಪ್ರಶ್ನೆ ಇಲ್ಲ ಅಂದ್ರೆ ಓದೋದ್ಯಾಕೆ ಸರ್?"

ಪಕ್ಕದಲ್ಲಿದ್ದ ಅಸ್ಮಿತಾ ಲಿಂಬುವಿಗೆ ಬಾಯಿ ಸುಮ್ಮನಿರದು. "ಕೊರಿಯಾದಲ್ಲಿ ಕರಡಿ ಮೇಯ್ಸೋ ಕೆಲಸ ಖಾಲಿ ಇದೆಯಾ ಸರ್?" ಎಂದಳು. ತರಗತಿಗೆ ತರಗತಿಯೇ ಬಿದ್ದುಬಿದ್ದು ನಕ್ಕಿತು.

ನನಗೆ ರೇಗಿತು. ಇನ್ನು ಮೇಲೆ ವಾರಕ್ಕೊಂದು ಪುಸ್ತಕ ಓದಿ ಬಂದು ಕಥೆ ಒಪ್ಪಿಸಬೇಕು, ಒಪ್ಪಿಸದವರು ನಿಂತೇ ಇರಬೇಕು ಎಂದುಬಿಟ್ಟೆ. ಕೆಲವರು ಒಬ್ಬರದನ್ನೊಬ್ಬರು ಕೇಳಿಕೊಂಡು ಬಂದು ಒಪ್ಪಿಸಿದರು. ಉಳಿದವರು ರಸ್ತೆಯಾಚೆಯ ಇನ್ನೊಂದು ಇನ್‌ಸ್ಟಿಟ್ಯೂಟಿಗೆ ಹೋಗಿ ಸೇರಿದರು. ಪುಸ್ತಕ ಮತ್ತೆ ಪೆಟ್ಟಿಗೆ ಸೇರಿತು.

ಮಾಘದ ಚಳಿಯಲ್ಲಿ ಪದಂಬಹಾದುರ್ ತೀರಿಕೊಂಡ ಸುದ್ದಿ ಬಂತು. ಬೆಳಗ್ಗೆ ಹಣ್ಣು ಕೊಯ್ಯುತ್ತ ಇದ್ದಕ್ಕಿದ್ದಂತೆ ಕುಸಿದರಂತೆ. ದೇಹ ಬರುವುದಕ್ಕೆ ಬಹಳ ದಿನ ಹಿಡಿಯಿತು. ಸರ್ದು ಹೊಳೆಯ ದಡದಲ್ಲಿ ಸುಟ್ಟರು. ಮಗ ತಲೆ ಬೋಳಿಸಿಕೊಂಡು, ಹೊಲಿಗೆಯಿಲ್ಲದ ಬಿಳಿ ಬಟ್ಟೆ ಉಟ್ಟು, ತಾಯಿಯ ಜೊತೆ ಕ್ರಿಯೆಗೆ ಕೂತ. ಸಗಣಿ ಸಾರಿಸಿದ ಮೂಲೆ, ಹುಲ್ಲಿನ ಹಾಸಿಗೆ, ಉಪ್ಪಿಲ್ಲದ ಒಂದು ಹೊತ್ತಿನ ಅನ್ನ. ಹದಿಮೂರು ದಿನ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ. ನಾನು ನೋಡಲು ಹೋದಾಗ ಅಂಗಳದಲ್ಲಿ ಚಾಪೆ ಹಾಸಿ ನೆಂಟರು, ಓಣಿಯವರು ಕೂತಿದ್ದರು. ಖಗೇಂದ್ರನ ಸೋದರಮಾವ ಎಲ್ಲರಿಗೂ ಚಹಾ ಕೊಡುತ್ತಿದ್ದ.

ಆಗಲೇ ಫೋನು ಬಂತು. ಮಾವ ತೆಗೆದು ನೋಡಿ, "ಕೊರಿಯಾದಿಂದ!" ಎಂದ. ಸ್ಪೀಕರ್ ಹಾಕಿ ಸಗಣಿಯ ಗೆರೆಯಾಚೆ ಖಗೇಂದ್ರನ ಮುಂದೆ ಇಟ್ಟ. "ಮಾತಾಡೋ, ನಿಂಗೆ ಬರುತ್ತಲ್ಲ."

ತೋಟದ ಒಡತಿ, ವಯಸ್ಸಾದ ಅಜ್ಜಿ. ಹಳ್ಳಿಯ ಎಳೆದೆಳೆದು ಆಡುವ ಮಾತು, ಅದರ ಮೇಲೆ ಅಳು. ಅಂಗಳ ಪೂರ್ತಿ ಕಿವಿಯಾಯಿತು. ಖಗೇಂದ್ರ ಬೆನ್ನು ನೆಟ್ಟಗೆ ಮಾಡಿ, ಪರೀಕ್ಷೆಯ ಕೋಣೆಯಲ್ಲಿ ಕೂತವನ ಹಾಗೆ ಕೇಳಿದ. ಅವಳು ನಿಲ್ಲಿಸಿದಾಗ ಹೇಳಿದ:

"ನಮಸ್ಕಾರ. ನಾನು ನೇಪಾಳದವನು. ನಿಮ್ಮನ್ನು ನೋಡಿ ಸಂತೋಷವಾಯಿತು."

ಅವಳು ಮತ್ತೆ ಏನೋ ಕೇಳಿದಳು. ನೀನು ಅವನ ಮಗನಾ, ತಾಯಿ ಹೇಗಿದ್ದಾಳೆ ಎಂದು ಕೇಳಿದಳು.

"ಹೌದು. ಕೆಲಸದ ಸ್ಥಳದಲ್ಲಿ ಹೆಲ್ಮೆಟ್ ಹಾಕಿಕೊಳ್ಳುತ್ತೇನೆ" ಎಂದ.

ಅಂಗಳದಲ್ಲಿ ಒಬ್ಬ ಮುದುಕ, "ನೋಡು, ಹೆಂಗೆ ನೀರು ಕುಡ್ದಂಗೆ ಮಾತಾಡ್ತಾನೆ" ಎಂದು ಪಕ್ಕದವನಿಗೆ ಪಿಸುಗುಟ್ಟಿದ. ಏನಾಯಿತೆಂದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಖಗೇಂದ್ರ ನನ್ನ ಕಡೆ ನೋಡಿದ. ಆ ಮುಖವನ್ನು ಸಾಯುವವರೆಗೆ ಮರೆಯಲಾರೆ. ಆ ಉತ್ತರ ನಾನು ಕಲಿಸಿದ್ದು, ಅದಕ್ಕೆ ನಾನೇ ಪೂರ್ತಿ ಅಂಕ ಕೊಟ್ಟಿದ್ದೆ.

ನಾನು ಫೋನಿನ ಹತ್ತಿರ ಹೋಗಿ ಕೂತು ಮಾತಾಡಿದೆ. ತನ್ನ ಭಾಷೆ ತಿಳಿಯುವವನೊಬ್ಬ ಸಿಕ್ಕಿದನೆಂದು ಅಜ್ಜಿ ಎಲ್ಲವನ್ನೂ ಹೊರಗೆ ಹಾಕಿದಳು. ಪದಂ ಒಳ್ಳೆಯವನು. ಸಂಜೆ ಅಡುಗೆಮನೆಯಲ್ಲಿ ನನ್ನ ಮೊಮ್ಮಗಳ ಜೊತೆ ಕೂತು ಅವಳ ಪುಸ್ತಕ ಓದುತ್ತಿದ್ದ, ಹಾಗೇ ನಮ್ಮ ಮಾತು ಕಲಿತ. ಬೇಸಿಗೆಯಿಂದಲೇ ಎದೆ ಹಿಡಿದುಕೊಳ್ಳುತ್ತಿದ್ದ. ಆಸ್ಪತ್ರೆಗೆ ಹೋಗು ಎಂದೆ. ಊರಿಗೆ ಹೋಗು ಎಂದೆ. ಅವನೋ, ನನ್ನ ಮಗ ಪರೀಕ್ಷೆ ಪಾಸಾಗಿ ಬರುತ್ತಾನೆ, ಹೋದ ಸಲ ತಪ್ಪಿತು, ಈ ಸಲ ತಪ್ಪಲ್ಲ, ಅವನು ಬಂದು ಕೆಲಸ ಹಿಡಿಯುವವರೆಗೆ ಇದ್ದು ಹೋಗುತ್ತೇನೆ ಎನ್ನುತ್ತಿದ್ದ. ಮನೆಯಲ್ಲಿ ಹೇಳಬೇಡಿ ಎಂದಿದ್ದ. ನಾನು ಹೇಳಬೇಕಿತ್ತು. ನನ್ನದೇ ತಪ್ಪು. ಇಷ್ಟನ್ನು ಅವಳು ಅಳುತ್ತ ಮತ್ತೆ ಮತ್ತೆ ಹೇಳಿದಳು.

ಫೋನು ಮುಗಿಯಿತು. ತಾಯಿ ಮನರೂಪಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಬೋಳುತಲೆಯ ಮಗ. ಹೋದ ಸಲ ಫೇಲಾದವನು.

"ತುಂಬಾ ಒಳ್ಳೆ ಮನುಷ್ಯ ಅಂತಾರೆ ಅತ್ತಿಗೆ. ನರಳಲಿಲ್ಲವಂತೆ. ಆ ಅಜ್ಜಿಯ ಮೊಮ್ಮಗಳ ಪುಸ್ತಕ ಓದಿ ಓದಿ ಅಲ್ಲಿನ ಮಾತು ಚೆನ್ನಾಗಿ ಕಲಿತಿದ್ದರಂತೆ" ಎಂದೆ. ಅಷ್ಟೇ ಹೇಳಿದೆ. ತಪ್ಪು ಮಾಡಿದೆ ಎಂದು ನನಗೆ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ.

ಜನ ಎದ್ದು ಹೋದ ಮೇಲೆ ಖಗೇಂದ್ರ ಕರೆದ. "ಸರ್, ಅವರು ಅಷ್ಟು ಹೊತ್ತು ಮಾತಾಡಿದ್ರು. ನೀವು ಹೇಳಿದ್ದು ಎರಡು ಮಾತು."

"ಅಳ್ತಿದ್ರು ಕಣೋ. ಅಳೋವಾಗ ಮಾತು ಎಷ್ಟಿರುತ್ತೆ?"

"ಆ ಪುಸ್ತಕದ ವಿಷಯ ನೀವೇ ಸೇರಿಸಿದ್ದಲ್ವಾ? ನನ್ನಪ್ಪ, ನನ್ನ ಬುವಾ, ಮಕ್ಕಳ ಪುಸ್ತಕ ಓದ್ತಿದ್ರಾ? ಸತ್ತವರ ಹೆಸರು ಹೇಳಿ ನಿಮ್ಮ ಕರಡಿ ಪುಸ್ತಕ ನನ್ನ ತಲೆಗೆ ಕಟ್ಬೇಕಾ ಸರ್?"

"ಖಗೇ, ನಾಲಿಗೆ ಬಿಗಿ ಹಿಡಿ" ಎಂದಳು ತಾಯಿ.

ನಾನು ಮುಚ್ಚಿಟ್ಟದ್ದು ಅವನಿಗೆ ತಿಳಿಯಲಿಲ್ಲ, ಹೇಳಿದ ನಿಜವನ್ನೇ ಸುಳ್ಳೆಂದ. ಏನೆಂದು ವಾದಿಸಲಿ? "ಮುಂದಿನ ಸಲ ಅವರು ಫೋನ್ ಮಾಡಿದಾಗ ನಾನೇ ಕೇಳ್ತೀನಿ. ನಿಮ್ಮ ಬಾಯಿಂದ ಬೇಡ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಕೇಳು. ಹೆಲ್ಮೆಟ್ ಹಾಕ್ಕೊಂಡು ಕೇಳು" ಎಂದು ಎದ್ದು ಬಂದೆ. ಗೇಟು ದಾಟುವಷ್ಟರಲ್ಲಿ ನನ್ನ ನಾಲಿಗೆಯನ್ನು ಕಿತ್ತು ಎಸೆಯಬೇಕು ಅನ್ನಿಸಿತು. ತಂದೆ ಸತ್ತು ಮೂಲೆಯಲ್ಲಿ ಕೂತ ಹುಡುಗನಿಗೆ ಆಡುವ ಮಾತೇ ಅದು?

ಮರುದಿನ ಚೀಲದ ತುಂಬ ಪುಸ್ತಕ ಒಯ್ದು ಸಗಣಿಯ ಗೆರೆಯ ಆಚೆ ಇಟ್ಟೆ. ಮಾವ ಮೂಗು ಮುರಿದ. "ಕ್ರಿಯೆಯಲ್ಲಿ ಗರುಡಪುರಾಣ ಕೇಳ್ತಾರೆ. ಇದ್ಯಾವ ಕರಡಿ ಪುರಾಣ ಸರ್?"

"ಅವರಪ್ಪನೂ ಇದನ್ನೇ ಓದ್ತಿದ್ರಂತೆ. ಓದ್ಲಿ ಬಿಡು" ಎಂದಳು ಮನರೂಪಾ. ಅವಳು ನನ್ನನ್ನು ನಂಬಿದ್ದಳು.

ಖಗೇಂದ್ರ ಮೊದಲು ಮುಖ ತಿರುಗಿಸಿದ. ಆದರೆ ಆ ಮೂಲೆಯಲ್ಲಿ ಹಗಲು ಬಹಳ ಉದ್ದ. ಮಧ್ಯಾಹ್ನದ ಹೊತ್ತಿಗೆ ಒಂದನ್ನು ಕೈಗೆತ್ತಿಕೊಂಡ. ಗೋಡೆಗೆ ಮುಖ ಮಾಡಿ, ಪ್ರತಿ ಪದದ ಮೇಲೂ ಬೆರಳಿಟ್ಟು, ಗೊತ್ತಿಲ್ಲದ್ದು ಬಂದಲ್ಲಿ ನಿಂತುಬಿಡುತ್ತಿದ್ದ. ನಾನು ದೂರದಿಂದಲೇ ಹೇಳಿದೆ: "ನಿಲ್ಬೇಡ. ತಿಳೀದಿದ್ದರೆ ಹಾರಿ ಹೋಗು. ಬೇಜಾರಾದ್ರೆ ಮುಚ್ಚಿ ಇನ್ನೊಂದು ತೆಗಿ."

"ತಿಳೀದೆ ಮುಂದೆ ಹೋದ್ರೆ ಮೋಸ ಅಲ್ವಾ ಸರ್?"

"ಚಿಕ್ಕವನಿದ್ದಾಗ ನಿನ್ನಜ್ಜಿ ಹೇಳಿದ್ದೆಲ್ಲ ತಿಳಿದುಕೊಂಡೇ ಮುಂದೆ ಹೋದ್ಯಾ? ಕಥೆ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ನೀನೂ ಹೋಗು."

ದಿನಾ ಹೋದೆ. ಓದಿದ್ದನ್ನು ವಾಪಸು ತಂದೆ, ಓದದ್ದನ್ನು ಇಟ್ಟುಬಂದೆ. ಏನು ಓದಿದೆ, ಎಷ್ಟು ತಿಳಿಯಿತು ಎಂದು ಕೇಳಲಿಲ್ಲ. ಕ್ರಿಯೆಗೆ ಕೂತವನನ್ನು ಪರೀಕ್ಷೆ ಮಾಡುವುದುಂಟೇ? ಬಾಯಿ ಕಟ್ಟಿಕೊಂಡು ಬರುವುದು ನನಗೆ ಎಷ್ಟು ಕಷ್ಟವೆಂದು ನನ್ನ ವಿದ್ಯಾರ್ಥಿಗಳಿಗೆ ಗೊತ್ತು. ಆದರೆ ಕೇಳದೇ ಇದ್ದದ್ದಕ್ಕೇ ಅವನು ಓದಿದ ಎಂದು ಈಗ ತಿಳಿಯುತ್ತದೆ.

ಕ್ರಿಯೆ ಮುಗಿಯುವ ಮುಂಚೆ ಒಂದು ದಿನ ನಾನು ಅಂಗಳಕ್ಕೆ ಕಾಲಿಡುವಾಗ ಮೂಲೆಯಿಂದ ನಗು ಕೇಳಿಸಿತು. ಮನೆ ಬದಲಾಯಿಸಲು ಹೊರಟ ಬಸವನಹುಳು ಸಾಮಾನೆಲ್ಲ ಬೆನ್ನ ಮೇಲೇ ಇದೆ ಎಂಬುದನ್ನು ಮರೆತು ಗಾಡಿ ಹುಡುಕುತ್ತ ಅಲೆಯುವ ಕಥೆ. ನನ್ನನ್ನು ಕಂಡು ನಗು ನುಂಗಿಕೊಂಡ. ಮರುಗಳಿಗೆ ಮಂಡಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತ. "ನಗಬಾರದಿತ್ತು ಸರ್. ಬುವಾ ಹೋಗಿ ಇನ್ನೂ..." ಎಂದ. ನನಗೂ ಕಣ್ಣು ತುಂಬಿತು. ಮುಟ್ಟುವ ಹಾಗಿಲ್ಲ, ಬೆನ್ನು ಸವರುವ ಹಾಗಿಲ್ಲ. ಗೆರೆಯ ಈಚೆ ಸುಮ್ಮನೆ ಕೂತೆ.

ಅವರಲ್ಲಿ ತಂದೆ ಸತ್ತರೆ ವರ್ಷವಿಡೀ ಬಿಳಿ ಬಟ್ಟೆ. ಆ ಬಿಳಿ ಬಟ್ಟೆಯಲ್ಲೇ ಅವನು ತರಗತಿಗೆ ಬಂದ. ಪ್ರಶ್ನೆಕೋಶ ತೆರೆಯಲಿಲ್ಲ. ಹಿಂದಿನ ಕಿಟಕಿಯ ಪಕ್ಕ ಕೂತು ಕಥೆ ಓದುತ್ತಿದ್ದ. ಆ ವರ್ಷದ ಪರೀಕ್ಷೆಗೆ ಅರ್ಜಿಯನ್ನೂ ಹಾಕಲಿಲ್ಲ. ತಾಯಿ ನನ್ನ ಹತ್ತಿರ ಬಂದು, "ಬುದ್ಧಿ ಹೇಳಿ ಸರ್" ಎಂದಳು. ಕೇಳಿದರೆ, "ಮೊದಲು ಆ ಅಜ್ಜಿ ಮಾತು ಕೇಳ್ಬೇಕು ಸರ್. ಪರೀಕ್ಷೆ ಎಲ್ಲಿಗೆ ಹೋಗುತ್ತೆ?" ಎಂದ. ಅವನಿಗೆ ಬೇಕಾಗಿದ್ದದ್ದು ಅದೊಂದೇ: ಅಪ್ಪನ ಜೊತೆ ಕೊನೆಯವರೆಗೆ ಇದ್ದವಳ ಬಾಯಿಂದ ಅಪ್ಪನ ವಿಷಯ, ನಡುವೆ ನಾನಿಲ್ಲದೆ.

ಬಿಳಿ ಬಟ್ಟೆಯವನು ಕಿಟಕಿಯ ಬಳಿ ಕೂತು ಓದುತ್ತ ತುಟಿಯಂಚಿನಲ್ಲಿ ನಗುವುದನ್ನು ಮೊದಲು ಕಂಡವಳು ಅಸ್ಮಿತಾ. "ಏನದು ಒಬ್ಬನೇ ತಿನ್ನೋದು, ನನಗೂ ಕೊಡು" ಎಂದು ಕಿತ್ತುಕೊಂಡಳು. ಕೊನೆಯ ಪುಟ ಸಿಗುವವರೆಗೆ ವಾಪಸು ಕೊಡಲಿಲ್ಲ. ಅವಳಿಂದ ಇನ್ನೊಬ್ಬಳಿಗೆ, ಅವಳ ಮೂಲಕ ಗೋರ್ಖಾ ಪಡೆಗೆ ಸೇರಲು ಓಟದ ಅಭ್ಯಾಸ ಮಾಡುತ್ತಿದ್ದ ಅವಳ ಅಣ್ಣನಿಗೆ. ಓದಿ ಓದಿ ಎಂದು ನಾನು ಗಂಟಲು ಹರಿದುಕೊಂಡಾಗ ಮುಟ್ಟದವರು, ನಾನು ಬಾಯಿ ಮುಚ್ಚಿದ ಮೇಲೆ ಪೆಟ್ಟಿಗೆ ಖಾಲಿ ಮಾಡಿದರು. ಕೆಳಗಿನ ಅಂಗಡಿಯಲ್ಲಿ ಮೊಮೊಗೆ ಕಾಯುತ್ತ ಕಥೆಯ ಬಗ್ಗೆ ಜಗಳ ಆಡುವುದು ಕೇಳಿಸುತ್ತಿತ್ತು. ಮೇಷ್ಟ್ರಾಗಿ ನನಗೆ ಅಷ್ಟು ನೆಮ್ಮದಿ ಹಿಂದೆಂದೂ ಸಿಕ್ಕಿರಲಿಲ್ಲ.

ಕೊರಿಯಾದಲ್ಲಿ ಸುಗ್ಗಿಯ ಹುಣ್ಣಿಮೆಗೆ ಸತ್ತವರಿಗೆ ಎಡೆ ಇಡುತ್ತಾರೆ. ನಮ್ಮ ದಶೈಂ, ಅಂದರೆ ದಸರೆ, ಮುಗಿಯುವುದೂ ಹುಣ್ಣಿಮೆಗೆ. ಆ ವರ್ಷ ಎರಡೂ ಒಂದೇ ದಿನ ಬಿದ್ದವು. ಊರೆಲ್ಲ ಹಣೆ ತುಂಬ ಕೆಂಪು ಟೀಕಾ ಇಟ್ಟುಕೊಂಡು ತಿರುಗುತ್ತಿತ್ತು. ಸೂತಕದ ವರ್ಷದ ಬಸ್ನೇತರ ಮನೆಯಲ್ಲಿ ಟೀಕಾ ಇಲ್ಲ, ಮಾಂಸ ಇಲ್ಲ, ಜಗಲಿ ಬಿಕೋ ಎನ್ನುತ್ತಿತ್ತು. ಹಬ್ಬದ ದಿನ ಅವರನ್ನು ಒಂಟಿ ಬಿಡಬಾರದೆಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೋಗಿದ್ದೆ. ಬಿಸಿಲಿನಲ್ಲಿ ಮೂವರೂ ಕೂತಿದ್ದಾಗ ಫೋನು ಬಂತು.

ಖಗೇಂದ್ರ ನಂಬರು ನೋಡಿದ. ನನ್ನನ್ನು ನೋಡಿದ. ಸ್ಪೀಕರ್ ಹಾಕದೆ ಕಿವಿಗೆ ಹಿಡಿದು ಎದ್ದು ನಿಂತ.

"ಅಜ್ಜೀ, ನಾನು ಪದಂ ಮಗ. ಊಟ ಆಯ್ತಾ? ಹೊಟ್ಟೆ ತುಂಬ ಉಂಡ್ರಾ?"

ಆ ಕಡೆಯಿಂದ ನಗು ನನಗೂ ಕೇಳಿಸುವಷ್ಟು ಜೋರಾಗಿ ಬಂತು. ಖಗೇಂದ್ರ ಕೇಳುತ್ತ ಕೇಳುತ್ತ ಮುಖ ಅರಳಿಸಿದ. ಫೋನಿಗೆ ಕೈ ಅಡ್ಡ ಇಟ್ಟು ನೇಪಾಳಿಯಲ್ಲಿ ಹೇಳಿದ: "ಆಮಾ, ನಾನು ಅವರ ಮೊಮ್ಮಗಳ ಹಾಗೇ ಮಾತಾಡ್ತೀನಂತೆ, ಪುಟ್ಟ ಮಕ್ಕಳ ಹಾಗೆ. ಬುವಾನೂ ಹೀಗೇ ಮಾತಾಡ್ತಿದ್ರಂತೆ!" ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ, "ಓದ್ತಿದ್ರಂತೆ ಸರ್. ದಿನಾ. ನಿಜವಂತೆ" ಎಂದ.

"ಸರಿ ಹಾಗಾದ್ರೆ. ಹಬ್ಬದ ದಿನ, ಅವರಿಗೆ ಕೆಲಸ ಇರುತ್ತೆ. ಇಟ್ಟುಬಿಡು" ಎಂದೆ.

ಅವನು ಇಡಲಿಲ್ಲ. ಅಪ್ಪ ಏನು ಓದುತ್ತಿದ್ದರು, ಏನು ತಿನ್ನುತ್ತಿದ್ದರು, ಏನೆಂದು ನಗುತ್ತಿದ್ದರು ಎಂದು ಒಂದಾದ ಮೇಲೊಂದು ಕೇಳಿದ. ಯಾವ ಪ್ರಶ್ನೆಕೋಶದಲ್ಲೂ ಇಲ್ಲದ ಪ್ರಶ್ನೆಗಳು. ನಡುವೆ ತಪ್ಪಿದ, ತಿದ್ದಿಕೊಂಡ, ಮುಂದೆ ಹೋದ. ಎಷ್ಟು ಚೆನ್ನಾಗಿ ಮಾತಾಡುತ್ತಿದ್ದ! ಬೇರೆ ದಿನವಾಗಿದ್ದರೆ ನಾನು ಕುಣಿದಾಡಿಬಿಡುತ್ತಿದ್ದೆ. ಆದರೆ ಆ ಅಜ್ಜಿ ಮನಸ್ಸಿನಲ್ಲಿದ್ದುದನ್ನು ಬಚ್ಚಿಡುವವಳಲ್ಲ ಎಂದು ನನಗೆ ಗೊತ್ತಿತ್ತು. ಫೋನು ಕಿತ್ತುಕೊಳ್ಳೋಣ ಎನ್ನಿಸಿತು. ಅಷ್ಟು ಪುಸ್ತಕ ಹೊತ್ತು ತಂದು ಓದಿಸಿದವನು ನಾನೇ, ಈ ಒಂದು ಮಾತು ಮಾತ್ರ ಅವನಿಗೆ ತಿಳಿಯದೆ ಹೋಗಲಿ ದೇವರೇ ಎಂದು ಬೇಡಿಕೊಂಡೆ.

ಆ ಕಡೆಯ ಮಾತು ನನಗೆ ಕೇಳಿಸುತ್ತಿರಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ಖಗೇಂದ್ರನ ಮುಖದ ಮೇಲಿದ್ದ ನಗು ಹಾಗೇ ನಿಂತಿತು, ಆಮೇಲೆ ಇಳಿಯಿತು.

"ಯಾವಾಗಿಂದ ಅಜ್ಜೀ?" ಎಂದು ಕೇಳಿದ.

ಕೇಳಿಸಿಕೊಂಡ.

"ಮತ್ತೆ ಮನೆಗೆ ಯಾಕೆ ಬರಲಿಲ್ಲ?"

ಆ ಉತ್ತರ ಉದ್ದವಿತ್ತು. ಅವನು ಜಗಲಿಯ ಕಂಬ ಹಿಡಿದುಕೊಂಡ. ಬೆನ್ನು ನಮ್ಮ ಕಡೆ ಇತ್ತು. ಒಂದು ಪದವೂ ಅವನಿಗೆ ತಪ್ಪಲಿಲ್ಲವೆಂದು ನನಗೆ ಗೊತ್ತಾಯಿತು. ಆಮೇಲೆ, ಆ ಕಥೆಗಳಲ್ಲಿ ಮಕ್ಕಳು ದೊಡ್ಡವರನ್ನು ಸಮಾಧಾನ ಮಾಡುವ ಎಳೆಯ ಮಾತಿನಲ್ಲಿ ಹೇಳಿದ: "ಅಳಬೇಡಿ ಅಜ್ಜೀ. ನಿಮ್ಮ ತಪ್ಪಲ್ಲ. ಬಿಸಿ ಅನ್ನ ತಿನ್ನಿ. ನಾನು ಮತ್ತೆ ಫೋನ್ ಮಾಡ್ತೀನಿ." ಫೋನು ಇಟ್ಟ.

ತಕ್ಷಣ ತಿರುಗಲಿಲ್ಲ. ತೋಳಿನಿಂದ ಮುಖ ಒರೆಸಿಕೊಂಡು ಬಂದು ತಾಯಿಯ ಪಕ್ಕ ಕೂತ.

"ಏನಂದ್ಲು? ನಿಮ್ಮಪ್ಪನಿಗೆ ಏನಾದ್ರೂ ಕಾಯಿಲೆ ಗೀಯಿಲೆ ಇತ್ತಂತಾ?" ಎಂದಳು ಮನರೂಪಾ.

"ಇಲ್ಲ ಆಮಾ. ಚೆನ್ನಾಗೇ ಇದ್ರಂತೆ. ಹಿಂದಿನ ದಿನ ಸಂಜೆನೂ ಮೊಮ್ಮಗಳಿಗೆ ಕಥೆ ಓದಿ ನಗಿಸಿದ್ರಂತೆ."

"ಅಷ್ಟು ಹೊತ್ತು ಮಾತಾಡಿದ್ದು ಇಷ್ಟಕ್ಕೇನಾ?"

"ವಯಸ್ಸಾಗಿದೆ ಆಮಾ. ಹೇಳಿದ್ದನ್ನೇ ಹೇಳ್ತಾರೆ."

ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನನ್ನ ಕಡೆ ತಿರುಗಿದಳು. "ಹೌದಾ ಸರ್? ನಿಮಗೂ ಹಾಗೇ ಹೇಳಿದ್ಲಾ ಅವಳು?"

ಖಗೇಂದ್ರ ತಲೆ ಎತ್ತಿ ನನ್ನನ್ನು ನೋಡಿದ. ಅವನ ಕಣ್ಣು ಕೆಂಪಗಿತ್ತು, ಅದರಲ್ಲಿ ಸಿಟ್ಟಿರಲಿಲ್ಲ.

"ಹೌದು ಅತ್ತಿಗೆ. ನನಗೂ ಅಷ್ಟೇ ಹೇಳಿದ್ದು" ಎಂದೆ.